ಅಂಬಾರಿಯ ತಾಲೀಮು ಮತ್ತು ಜಡತ್ವ: ವೀರನಹೊಸಹಳ್ಳಿಯಿಂದ ಬನ್ನಿಮಂಟಪದವರೆಗೆ

ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆ ಸಲ್ಲುತ್ತದೆ. ಹಿಂದೆ ಕಾಡಿನಿಂದ ಮೈಸೂರಿಗೆ ನಡೆದೇ ಬರುತ್ತಿದ್ದ ಆನೆಗಳು ಈಗ ಲಾರಿ ಏರುತ್ತವೆ. ಎಚ್.ಡಿ. ಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಅಂಬಾರಿ ಹೊತ್ತ. 2020ರಿಂದ ಆ ಹೊಣೆ ಅಭಿಮನ್ಯುವಿನ ಹೆಗಲಿಗೆ ಬಂತು. ಈ ಆನೆಗಳ ತೂಕ, ಮೇವು, ಸ್ವಭಾವಗಳ ಬಗ್ಗೆ ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ. ಅವನ್ನು ಸಾಗಿಸುವ, ಪಳಗಿಸುವ ಕ್ರಮದಲ್ಲಿ ಅಡಗಿರುವ ಭೌತವಿಜ್ಞಾನ ಮಾತ್ರ ಚರ್ಚೆಗೆ ಬಂದದ್ದು ಕಡಿಮೆ. ತಾಲೀಮಿನ ಮೊದಲ ಹಂತ ಭಾರಕ್ಕೆ, ನಂತರದ ಹಂತ ಜಡತ್ವಕ್ಕೆ ಸಂಬಂಧಿಸಿದ್ದು ಎಂಬುದು ಈ ಲೇಖನದ ವಾದ.

ಮೊದಲು ಲಾರಿಯನ್ನೇ ನೋಡೋಣ. ಆನೆಯ ತೂಕ 5,000 ಕಿಲೋ, ಲಾರಿಯ ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಚಾಲಕ 5 ಸೆಕೆಂಡಿನಲ್ಲಿ ಲಾರಿ ನಿಲ್ಲಿಸಿದರೆ ಆನೆಯನ್ನೂ ನಿಲ್ಲಿಸಲು 10,000 ನ್ಯೂಟನ್ ಬಲ ಬೇಕು. ಇದು ಸುಮಾರು ಒಂದು ಟನ್ ತೂಕಕ್ಕೆ ಸಮ. ಬ್ರೇಕು ಹಿಡಿಯುವುದು ಲಾರಿಯ ಚಕ್ರವನ್ನು. ಆನೆಗೆ ಆ ಬಲ ತಲುಪುವುದು ಪಾದದಡಿಯ ಘರ್ಷಣೆಯಿಂದ, ಕಟ್ಟಿದ ಸರಪಳಿಯಿಂದ. ಪಾದ ಲಾರಿಯೊಂದಿಗೆ ನಿಧಾನವಾದರೂ ಮೇಲಿನ ಮೈ ಮೊದಲಿನ ವೇಗದಲ್ಲೇ ಮುಂದುವರಿಯಲು ನೋಡುತ್ತದೆ. ಆ ಐದು ಸೆಕೆಂಡು ಆನೆಯ ಪಾಲಿಗೆ ನೆಲ ಸುಮಾರು 11 ಡಿಗ್ರಿ ಇಳಿಜಾರಾದಂತೆ. ಎರಡೇ ಸೆಕೆಂಡಿನಲ್ಲಿ ಲಾರಿ ನಿಂತರೆ ಆ ಇಳಿಜಾರು 27 ಡಿಗ್ರಿ ಮುಟ್ಟುತ್ತದೆ.

ತಿರುವಿನಲ್ಲಿ ಅಪಾಯ ಇನ್ನೂ ಹೆಚ್ಚು. 50 ಮೀಟರ್ ತ್ರಿಜ್ಯದ ತಿರುವನ್ನು ಅದೇ ವೇಗದಲ್ಲಿ ದಾಟಿದರೆ ಮೈಮೇಲೆ ಬೀಳುವ ಒತ್ತಡ ಮೊದಲಿನ ಬ್ರೇಕಿನಷ್ಟೇ. ಆದರೆ ಮುಂಗಾಲು-ಹಿಂಗಾಲುಗಳ ನಡುವಿನ ಅಂತರಕ್ಕಿಂತ ಎಡ-ಬಲ ಕಾಲುಗಳ ನಡುವಿನ ಅಂತರ ಕಿರಿದು. ಹಾಗಾಗಿ ಮುಂದಕ್ಕೆ ತಡೆದುಕೊಳ್ಳಬಲ್ಲ ಒತ್ತಡವನ್ನು ಆನೆ ಪಕ್ಕಕ್ಕೆ ತಡೆದುಕೊಳ್ಳುವುದು ಕಷ್ಟ. ವೇಗ ಅರ್ಧವಾದರೆ ಈ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಆನೆ ಹೊತ್ತ ಲಾರಿ ತಿರುವಿನಲ್ಲಿ ತೆವಳಿದಂತೆ ಸಾಗಬೇಕಾದದ್ದು ಇದರಿಂದಲೇ.

ಚಲಿಸುವ ವಸ್ತು ಯಾಕೆ ಚಲಿಸುತ್ತಲೇ ಇರುತ್ತದೆ ಎಂಬ ಪ್ರಶ್ನೆ ನಮ್ಮಲ್ಲೂ ಹಳೆಯದು. ವೈಶೇಷಿಕರು ಅದಕ್ಕೆ ‘ವೇಗ’ ಎಂಬ ಸಂಸ್ಕಾರವನ್ನು ಕಾರಣವಾಗಿ ಹೇಳಿದರು. ನ್ಯೂಟನ್ 1687ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ: ಸಮವೇಗದ ಚಲನೆಗೆ ಕಾರಣ ಬೇಡ, ಅದು ಬದಲಾದಾಗ ಮಾತ್ರ ಕಾರಣ ಹುಡುಕಬೇಕು. ಬದಲಾವಣೆಗೆ ವಸ್ತು ಒಡ್ಡುವ ಈ ಪ್ರತಿರೋಧ, ಅಂದರೆ ಜಡತ್ವ, ಎಲ್ಲಿಂದ ಬಂತು? 1905ರಲ್ಲಿ ಐನ್‌ಸ್ಟೈನ್ ವಸ್ತುವಿನ ಜಡತ್ವ ಅದರೊಳಗಿನ ಶಕ್ತಿಯನ್ನು ಅವಲಂಬಿಸಿದೆ ಎಂದು ತೋರಿಸಿದ. 2012ರಲ್ಲಿ ಪತ್ತೆಯಾದ ಹಿಗ್ಸ್ ಕಣವೇ ಎಲ್ಲ ದ್ರವ್ಯರಾಶಿಯ ಮೂಲ ಎಂಬ ಮಾತು ಜನಪ್ರಿಯವಾಗಿದೆ, ಆದರೆ ಅದು ತಪ್ಪು. ಹಿಗ್ಸ್ ಕ್ಷೇತ್ರ ಎಲೆಕ್ಟ್ರಾನು, ಕ್ವಾರ್ಕುಗಳಿಗೆ ದ್ರವ್ಯರಾಶಿ ಕೊಡುತ್ತದೆ, ನಿಜ. ಆದರೆ ಆನೆಯ ಐದು ಟನ್ನಿನ ಬಹುಪಾಲು ಪ್ರೋಟಾನು, ನ್ಯೂಟ್ರಾನುಗಳೊಳಗೆ ಕ್ವಾರ್ಕುಗಳನ್ನು ಹಿಡಿದಿಟ್ಟಿರುವ ಪ್ರಬಲ ಬಲದ ಶಕ್ತಿಯೇ. ಅಭಿಮನ್ಯು ಹೆಜ್ಜೆ ನಿಲ್ಲಿಸುವಾಗ ಎದುರಿಸುವುದು ಆ ಶಕ್ತಿಯ ಪ್ರತಿರೋಧವನ್ನು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇನ್ನು ತಾಲೀಮು. ಮೈಸೂರಿಗೆ ಬಂದ ಆನೆಯ ಬೆನ್ನಿಗೆ ನಮ್ದಾ, ಗಾದಿ ಎಂಬ ಮೆತ್ತೆಗಳನ್ನು ಬಿಗಿದು ಮೊದಲು ಮರಳು ಮೂಟೆ ಹೊರಿಸುತ್ತಾರೆ. ದಿನಕಳೆದಂತೆ ಭಾರ ಏರಿಸುತ್ತಾರೆ. ಆಮೇಲೆ ಮರದ ಅಂಬಾರಿ ಕಟ್ಟಿ, ಅದರಲ್ಲೂ ಮರಳು ತುಂಬಿ, ಬನ್ನಿಮಂಟಪದವರೆಗಿನ ಸುಮಾರು 5 ಕಿ.ಮೀ. ದಾರಿಯಲ್ಲಿ ನಡೆಸುತ್ತಾರೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಬರುವುದು ವಿಜಯದಶಮಿಯಂದು. ಭಾರವಷ್ಟೇ ಮುಖ್ಯವಾಗಿದ್ದರೆ ಮೂಟೆಗಳೇ ಸಾಕಿತ್ತು, ಮರದ ಅಂಬಾರಿ ಬೇಕಿರಲಿಲ್ಲ.

ವ್ಯತ್ಯಾಸ ಇರುವುದು ಎತ್ತರದಲ್ಲಿ. ಮೂಟೆಗಳ ಭಾರ ನೆಲದಿಂದ 2.4 ಮೀಟರ್ ಎತ್ತರದಲ್ಲೂ ಅಂಬಾರಿಯ ಭಾರ 3.6 ಮೀಟರ್ ಎತ್ತರದಲ್ಲೂ ಇದೆ ಎಂದುಕೊಂಡರೆ, ಎತ್ತರ ಒಂದೂವರೆ ಪಟ್ಟು. ಪಕ್ಕಕ್ಕೆ ವಾಲುವ ಚಲನೆಯಲ್ಲಿ ಲೆಕ್ಕಕ್ಕೆ ಬರುವುದು ದೂರದ ವರ್ಗ. ಆದ್ದರಿಂದ ಅಷ್ಟೇ ತೂಕಕ್ಕೆ ಜಡತ್ವದ ಪಾಲು ಎರಡೂಕಾಲು ಪಟ್ಟಾಗುತ್ತದೆ. ಇಂಥ ಹೊರೆ ತಟ್ಟನೆ ವಾಲುವುದಿಲ್ಲ, ವಾಲತೊಡಗಿದ ಮೇಲೆ ತಟ್ಟನೆ ನಿಲ್ಲುವುದೂ ಇಲ್ಲ. ಪ್ರತಿ ಹೆಜ್ಜೆಗೂ ಆನೆಯ ಬೆನ್ನು ಕೊಂಚ ಎಡಕ್ಕೆ, ಕೊಂಚ ಬಲಕ್ಕೆ ಸರಿಯುತ್ತದೆ. ಅಂಬಾರಿ ಅದಕ್ಕಿಂತ ತುಸು ತಡವಾಗಿ ಹಿಂಬಾಲಿಸುತ್ತದೆ. ಆ ತಡವನ್ನು ಮೈಗೂಡಿಸಿಕೊಂಡು ಹೆಜ್ಜೆ ಇಡುವುದನ್ನು ಮರಳು ಮೂಟೆ ಕಲಿಸಲಾರದು. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ನಡೆಯುವ ಆನೆ ಒಂದೇ ಸೆಕೆಂಡಿನಲ್ಲಿ ನಿಂತರೆ, ಚಿನ್ನದ ಅಂಬಾರಿಯನ್ನು ಹಿಡಿದು ನಿಲ್ಲಿಸಲು ಹಗ್ಗಗಳು, ಗಾದಿ ಸೇರಿ 900 ನ್ಯೂಟನ್ ಬಲ ಒದಗಿಸಬೇಕು. ಅಂಕಿ ದೊಡ್ಡದಲ್ಲ, ಆದರೆ ಎತ್ತರದಲ್ಲಿರುವ ಹೊರೆಯ ಎಳೆತ ಗಾದಿಯನ್ನು ಮಗುಚಲು ನೋಡುತ್ತದೆ. ಹಗ್ಗ ಬಿಗಿಯುವ ಕೆಲಸ ಅಂಥ ಶ್ರದ್ಧೆಯಿಂದ ನಡೆಯುವುದು ಅದಕ್ಕೇ.

ಈ ಅರಿವು ಮಾವುತರು, ಕಾವಾಡಿಗಳ ಕೈಯಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ಅದನ್ನು ಅಳತೆಗೆ ತರುವುದು ಕಷ್ಟವೇನಲ್ಲ. ಮುಂದಿನ ತಾಲೀಮಿನಲ್ಲಿ ಗಾದಿಯ ಮೇಲೊಂದು, ಮರದ ಅಂಬಾರಿಯ ತುದಿಯಲ್ಲೊಂದು ಪುಟ್ಟ ವೇಗೋತ್ಕರ್ಷ ಮಾಪಕವನ್ನು ಇರಿಸಿ, ಎರಡರ ಓಲಾಟದ ನಡುವಿನ ಅಂತರವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ದಾಖಲಿಸಬೇಕು. ಆನೆ ಜಡತ್ವಕ್ಕೆ ಹೊಂದಿಕೊಂಡಿದ್ದರೆ ಆ ಅಂತರ ದಿನೇದಿನೇ ಕಿರಿದಾಗಬೇಕು; ಬರೀ ಭಾರಕ್ಕೆ ಒಗ್ಗಿಕೊಂಡಿದ್ದರೆ ಹಾಗೆಯೇ ಉಳಿಯಬೇಕು.