ಉರಿಯದ ಸ್ಟೀರಿಯೊ ದೀಪ: ಮುಂಬಯಿಯ ಹಳೇ ರಿಸೀವರ್‌ಗಳ ಕಥೆ

ಇತ್ತೀಚೆಗೆ ಒಂದು ಹಳೇ ಸ್ಟೀರಿಯೊ ರಿಸೀವರ್ ಕೊಂಡೆ ಅಂದಾಗ ಸ್ನೇಹಿತರು ಕೇಳಿದ್ದು ಯಾವ ಬ್ರ್ಯಾಂಡ್, ಎಷ್ಟು ವ್ಯಾಟ್ ಅಂತ. ನಾನು ಮೊದಲು ನೋಡೋದು ಅದರ ಬೆನ್ನು. ಯಾಕಂದ್ರೆ ಮುಂಬಯಿಯಲ್ಲಿ ಹಳೇ ರಿಸೀವರ್‌ಗೆ ಬೆನ್ನೇ ಪಾಸ್‌ಪೋರ್ಟು.

ರಿಸೀವರ್ ಅಂದ್ರೆ ರೇಡಿಯೊ ಟ್ಯೂನರ್ ಮತ್ತು ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿ. ಹೊರಗಡೆ ಸ್ಪೀಕರ್ ಜೋಡಿಸಿದರೆ ಆಯಿತು. ಅಮೆರಿಕದ ಹರ್ಮನ್ ಕಾರ್ಡನ್ ಕಂಪನಿ 1954ರಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. 1958ರಲ್ಲಿ ಸ್ಟೀರಿಯೊ ಮಾದರಿ ಬಂತು. 1961ರ ಜೂನ್‌ನಲ್ಲಿ ಅಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ ಶುರುವಾಯಿತು. ಆ ಪ್ರಸಾರದ ಜೊತೆಗೆ 19 ಕಿಲೋಹರ್ಟ್ಸ್‌ನ ಒಂದು ಸಣ್ಣ ಸಂಕೇತ ಬರುತ್ತೆ. ಅದು ಸಿಕ್ಕಿದ ಕೂಡಲೇ ರಿಸೀವರ್ ಎಡ-ಬಲ ಬೇರೆ ಮಾಡುತ್ತೆ, ಮುಖದ ಮೇಲೆ ‘ಸ್ಟೀರಿಯೊ’ ಅನ್ನೋ ಪುಟ್ಟ ದೀಪ ಹೊತ್ತಿಕೊಳ್ಳುತ್ತೆ. ಈ ದೀಪವನ್ನು ನೆನಪಿಟ್ಟುಕೊಳ್ಳಿ.

1970ರ ದಶಕದಲ್ಲಿ ಜಪಾನಿನ ಪಯನೀರ್, ಸಾನ್ಸುಯಿ, ಕೆನ್‌ವುಡ್ ಕಂಪನಿಗಳು ಪೈಪೋಟಿಗೆ ಬಿದ್ದವು. 1976ರ ಪಯನೀರ್ ಎಸ್‌ಎಕ್ಸ್-1250 ಒಂದೊಂದು ಚಾನೆಲ್‌ಗೆ 160 ವ್ಯಾಟ್ ಕೊಡುತ್ತಿತ್ತು. ಭಾರತದಲ್ಲಿ ಆಗ ಇಂಥವನ್ನು ಆಮದು ಮಾಡಿ ಅಂಗಡಿಯಲ್ಲಿಟ್ಟು ಮಾರೋಕೆ ಆಗುತ್ತಿರಲಿಲ್ಲ. ವಿದೇಶಿ ವಿನಿಮಯ ಉಳಿಸಬೇಕು ಅಂತ ಗ್ರಾಹಕ ವಸ್ತುಗಳ ಆಮದಿನ ಮೇಲೆ ಬಿಗಿ ನಿರ್ಬಂಧ. ಹಾಗಾದ್ರೆ ಮುಂಬಯಿಗೆ ಇವು ಬಂದಿದ್ದು ಹೇಗೆ? ಸ್ವಲ್ಪ ಕಳ್ಳಸಾಗಣೆ. ಉಳಿದದ್ದು, 1973ರ ತೈಲ ಬೆಲೆ ಏರಿಕೆಯ ನಂತರ ಕೊಲ್ಲಿಗೆ ದುಡಿಯೋಕೆ ಹೋದವರ ಲಗೇಜಿನಲ್ಲಿ.

ಅಂಥವರಲ್ಲಿ ನಮ್ಮಪ್ಪನೂ ಒಬ್ಬರು. ಉಡುಪಿ ಕಡೆಯವರು, ಬಹರೈನ್‌ನಲ್ಲಿ ಹೋಟೆಲ್ ಕ್ಯಾಷಿಯರ್. 1983ರಲ್ಲಿ ವಾಪಸ್ ಬರುವಾಗ ಒಂದು ಸಾನ್ಸುಯಿ ರಿಸೀವರ್ ತಂದರು, ಏರ್‌ಪೋರ್ಟ್‌ನಲ್ಲಿ ಸುಂಕ ಕಟ್ಟಿ. ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಅದರ ಮೇಲೆ ಕ್ರೋಷಾ ಬಟ್ಟೆ. ಕ್ಯಾಸೆಟ್ ಡೆಕ್ ಜೋಡಿಸಿ ಭೀಮಸೇನ ಜೋಶಿಯವರ ದಾಸವಾಣಿ ಹಾಕುತ್ತಿದ್ದರು. ರೇಡಿಯೊ ಅಂದ್ರೆ ಮೀಡಿಯಂ ವೇವ್‌ನಲ್ಲಿ ವಿವಿಧ ಭಾರತಿ. ಎಫ್‌ಎಂಗೆ ತಿರುಗಿಸಿದರೆ ಬರೀ ಬುಸ್ ಅನ್ನೋ ಸದ್ದು. ಆಕಾಶವಾಣಿ 1977ರಲ್ಲೇ ಮದ್ರಾಸಿನಲ್ಲಿ ಎಫ್‌ಎಂ ಶುರು ಮಾಡಿದ್ದರೂ ನಮ್ಮ ಮನೆಗೆ ಅದು ತಲುಪಿರಲಿಲ್ಲ.

1992ರ ಡಿಸೆಂಬರ್, 1993ರ ಜನವರಿ. ಗಲಭೆಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲ್ ವಾರಗಟ್ಟಲೆ ಮುಚ್ಚಿತ್ತು. ಆಮೇಲೂ ಸಂಬಳ ಸರಿಯಾಗಿ ಬರಲಿಲ್ಲ. ಬಾಡಿಗೆಗೆ ರಿಸೀವರ್ ಮಾರಿದರು. ಅದೇ ಆಗಸ್ಟ್‌ನಲ್ಲಿ ಆಕಾಶವಾಣಿ ಮುಂಬಯಿ ಎಫ್‌ಎಂನ ಸಮಯವನ್ನು ಖಾಸಗಿ ನಿರ್ಮಾಪಕರಿಗೆ ಕೊಟ್ಟಿತು, ಊರಿಗೆಲ್ಲ ಎಫ್‌ಎಂ ಹುಚ್ಚು ಹಿಡಿಯಿತು. 2002ರಲ್ಲಿ ಇಲ್ಲಿ ಖಾಸಗಿ ಸ್ಟೇಷನ್‌ಗಳೇ ಬಂದವು. ಇನ್ನೊಂದು ಮಾತು: 1991ರಲ್ಲೇ ಎಲ್ಲ ಬಾಗಿಲು ತೆರೀತು ಅಂತ ನಾವು ಹೇಳ್ತೀವಲ್ಲ, ಗ್ರಾಹಕ ವಸ್ತುಗಳ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಕೊನೆಯ ಆಮದು ಪ್ರಮಾಣ ನಿರ್ಬಂಧಗಳು ಹೋಗಿದ್ದು 2001ರ ಏಪ್ರಿಲ್ 1ಕ್ಕೆ.

ಈಗ ಖರೀದಿಗೆ ಬರೋಣ. ಚೋರ್ ಬಜಾರ್, ಲ್ಯಾಮಿಂಗ್ಟನ್ ರೋಡ್ ಎರಡೂ ಸುತ್ತಿದೆ. ಒಬ್ಬರ ಹತ್ತಿರ ಕನ್ನಡಿಯಂಥ ಸೆಟ್ ಸಿಕ್ಕಿತು, 14 ಸಾವಿರ. ಬೆನ್ನಿನಲ್ಲಿ 100 ವೋಲ್ಟ್ ಅಂತಿತ್ತು. ನಮ್ಮದು 230, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತು ಅಂದುಕೊಂಡೆ. ಮನೆಗೆ ತಂದು ಹಾಕಿದೆ, ಕ್ಯಾಸೆಟ್ ಚೆನ್ನಾಗಿ ಕೇಳಿತು. ಎಫ್‌ಎಂ ಮಾತ್ರ ಬುಸ್! 100 ವೋಲ್ಟ್ ಅಂದ್ರೆ ಜಪಾನಿನ ಒಳಮಾರುಕಟ್ಟೆಯ ಸೆಟ್. ಅದರ ಡಯಲ್ 76ರಿಂದ 90 ಮೆಗಾಹರ್ಟ್ಸ್‌ಗೆ ಮುಗಿಯುತ್ತೆ. ಮುಂಬಯಿಯ ಖಾಸಗಿ ಸ್ಟೇಷನ್‌ಗಳು ಶುರುವಾಗೋದೇ 91.1ರಿಂದ. ಎಂಟೆಕ್ ಮಾಡಿ ಇಷ್ಟು ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆ ಆಯಿತು. ಅಪ್ಪನಿಗೆ ಡಯಲ್ ಇತ್ತು, ಸ್ಟೇಷನ್ ಇರಲಿಲ್ಲ. ನನಗೆ ಸ್ಟೇಷನ್ ಇತ್ತು, ಡಯಲ್ ಇರಲಿಲ್ಲ.

ಬೆನ್ನು ಓದೋದು ಹೀಗೆ: 100 ವೋಲ್ಟ್ ಇದ್ದರೆ ಜಪಾನ್, ಬರೀ 120 ಇದ್ದರೆ ಅಮೆರಿಕ. ಇವನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಿದರೆ ಹೊಗೆಯೇ ಗತಿ. 110ರಿಂದ 240ರವರೆಗೆ ತಿರುಗಿಸೋ ಸ್ವಿಚ್ ಇದ್ದರೆ ಹಲವು ದೇಶಗಳಿಗೆ ಅಂತ ಮಾಡಿದ ರಫ್ತು ಮಾದರಿ. ಕೊಲ್ಲಿಯಿಂದ ಬಂದಿರೋ ಸಾಧ್ಯತೆ ಹೆಚ್ಚು. ಸ್ವಿಚ್ 220 ಅಥವಾ 240ರಲ್ಲೇ ಇದೆಯಾ ನೋಡಿ. ಮೊದಲ ಸಲ ಸೀರೀಸ್ ಬಲ್ಬ್ ಇಟ್ಟೇ ಆನ್ ಮಾಡಿಸಿ.

ಎರಡನೇ ಸಲ ಮೀರಾ ರೋಡ್‌ನಲ್ಲಿ ಕೊಲ್ಲಿಯಿಂದ ವಾಪಸಾದ ಒಬ್ಬರ ಮನೆಯಲ್ಲಿ ಅಂಥದೇ ಸಾನ್ಸುಯಿ ಸಿಕ್ಕಿತು. ವಾಲ್ಯೂಮ್ ಗುಂಡಿ ಕರಕರ ಅಂತಿತ್ತು, ಕ್ಲೀನರ್ ಹಾಕಿದ ಮೇಲೆ ಸರಿಹೋಯಿತು. ತಂತಿಯ ಆಂಟೆನಾ ಕಿಟಕಿಗೆ ಕಟ್ಟಿ ಎಫ್‌ಎಂ ತಿರುಗಿಸಿದೆ. ಹಾಡು ಬಂತು, ಕೆಂಪು ದೀಪ ಹತ್ತಿತು.

ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಹತ್ತು ವರ್ಷ ದಿನಾ ಒರೆಸಿಟ್ಟ ಮನುಷ್ಯ ಕೇಳಿದ್ದು ಇಷ್ಟೇ: ‘ಇದಕ್ಕೆ ಇಲ್ಲೊಂದು ದೀಪ ಇತ್ತಾ?’