ಹಬ್ಬದ ಹೊದಿಕೆಯಿಂದ ಗೋಡೆಯ ತೂಗುಬಟ್ಟೆಗೆ

ತುಂಗಭದ್ರೆಯ ದಂಡೆಯ ಮನೆಗಳಲ್ಲಿ ಬಟ್ಟೆಗೆ ಗೋಡೆಯ ಮೇಲೆ ಕಾಯಂ ಜಾಗವಿರಲಿಲ್ಲ. ಕೆಮ್ಮಣ್ಣು, ಸುಣ್ಣವೇ ಗೋಡೆಯ ಅಲಂಕಾರ. ಬಾಗಿಲಿಗೆ ತೋರಣ, ನೆಲಕ್ಕೆ ಜಮಖಾನ, ಹೊದೆಯಲು ಕೌದಿ, ಹೀಗೆ ಬಟ್ಟೆಗೆ ಬೇರೆಯೇ ಕೆಲಸಗಳಿದ್ದವು.

ಗೋಡೆಗೆ ಬಟ್ಟೆ ಏರುತ್ತಿದ್ದುದು ಉತ್ಸವಕ್ಕೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಕಟ್ಟಡಗಳನ್ನು ಮೇಲಿನಿಂದ ಕೆಳಗಿನವರೆಗೆ ಕೆಂಪು, ಹಸಿರು ಮಖಮಲ್ಲು ಮತ್ತಿತರ ಚೆಂದದ ಬಟ್ಟೆಗಳಿಂದ ಮುಚ್ಚಿದ್ದನ್ನು ಬರೆದಿದ್ದಾನೆ. ಅವು ಉಣ್ಣೆಯವಲ್ಲ, ನಯವಾದ ಹತ್ತಿಯವು, ಹಬ್ಬಕ್ಕೆಂದೇ ಮಾಡಿಸಿದವು ಎಂಬ ಅವನ ಮಾತು ಬಹಳ ಮುಖ್ಯ. ಯುರೋಪಿನಲ್ಲಿ ಕಲ್ಲುಗೋಡೆಯ ಚಳಿ ತಡೆಯಲು ದಪ್ಪ ಉಣ್ಣೆಯ ಚಿತ್ರಪಟಗಳು ಬೇಕಿದ್ದವು. ಈ ಬಿಸಿಲ ಸೀಮೆಗೆ ಅವುಗಳ ಅಗತ್ಯವೇ ಇರಲಿಲ್ಲ.

ವಿಜಯನಗರದ ಅರಮನೆ ಹೋದ ಮೇಲೂ ಬಟ್ಟೆಯ ಕಲೆ ಹೆಂಗಸರ ಕೈಯಲ್ಲಿ ಉಳಿಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಸಾಲು ಒತ್ತೊತ್ತಾಗಿದ್ದಷ್ಟೂ ಕೌದಿ ಬಾಳಿಕೆ ಬರುತ್ತದೆ. ತಾಂಡಾಗಳ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ನಾಣ್ಯ ಕೂಡಿಸಿ ಕಸೂತಿ ಹಾಕುತ್ತಿದ್ದುದು ಫೇಟಿಯಾ, ಕಾಂಚಳಿಗೆ. ಅಂದರೆ ಉಡುವ ಬಟ್ಟೆಗೆ.

ಈ ಕೆಲಸವನ್ನು ಗೋಡೆಗೆ ಏರಿಸಿದ್ದು ಹೊರಗಿನ ಬೇಡಿಕೆ. ಅಮೆರಿಕದಲ್ಲಿ 1893ರಲ್ಲಿ ವಿಲಿಯಂ ಬೌಮ್‌ಗಾರ್ಟನ್ ನ್ಯೂಯಾರ್ಕಿನಲ್ಲಿ ಚಿತ್ರಪಟದ ಮಗ್ಗ ಹೂಡಿದಾಗ ಚಿತ್ರಪಟ ಸಿರಿವಂತರ ಬಂಗಲೆಗಳ ಸೊತ್ತು. 1960ರ ದಶಕದಲ್ಲಿ ಅಲ್ಲಿನ ತರುಣರು ಭಾರತದ ಅಚ್ಚಿನ ಹಾಸುಬಟ್ಟೆಗಳನ್ನೇ ಗೋಡೆಗೆ ತೂಗುಹಾಕಿದರು. 1969ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತೂಗುಬಟ್ಟೆಗಳದೇ ಪ್ರದರ್ಶನ ನಡೆಸಿತು. ಮುಂದೆ ಹಂಪಿಗೆ ಬಂದ ವಿದೇಶಿಯರಿಗೆ ಬಜಾರಿನಲ್ಲಿ ಕಸೂತಿಯ ತುಂಡು ಕಂಡರೆ ಗೋಡೆ ನೆನಪಾಗುವುದು ಸಹಜವೇ ಆಗಿತ್ತು.

ಸಂಡೂರಿನ ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಯನ್ನು ದಿಂಬಿನ ಚೀಲ, ತೂಗುಬಟ್ಟೆಗಳಿಗೆ ಹೊಂದಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆಯೂ ದೊರೆಯಿತು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆಯ ದಿಂಡಿನ ನಾರಿನ ಕೆಲಸ ಬೆಳೆಸಿತು. ಒಣಗಿಸಿದ ಪಟ್ಟೆಯನ್ನು ಸೀಳಿ, ಹುರಿಮಾಡಿ ಹೆಣೆಯುವ ಈ ಕಸುಬು ಬಾಳೆ ಬೆಳೆಯುವ ಊರಿಗೆ ಚೆನ್ನಾಗಿ ಒಗ್ಗಿದೆ. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

2020ರಲ್ಲಿ ಹಂಪಿಯ ಬಳಿಯ ವಿರುಪಾಪುರ ಗಡ್ಡಿಯ ಪ್ರವಾಸಿ ವಸತಿಗಳು ತೆರವಾದ ಮೇಲೆ ಪ್ರವಾಸಿಗರು ಸಾಣಾಪುರದ ಕಡೆ ಹೊರಳಿದರು. ತೂಗುಬಟ್ಟೆಯ ಗಿರಾಕಿಯೂ ಅಲ್ಲಿಗೇ ಬಂದ. ಹಲವು ಪದರದ ಕೌದಿ ಗೋಡೆಗೆ ಭಾರ. ಅದಕ್ಕೆಂದೇ ತೂಗುವ ಕೌದಿಗೆ ಪದರ ಕಡಿಮೆ ಮಾಡಿ, ಮೇಲಂಚಿನಲ್ಲಿ ಕೋಲು ತೂರುವಷ್ಟು ಮಡಿಕೆ ಬಿಟ್ಟು ಹೊಲಿಯಬೇಕಾಗುತ್ತದೆ.