ಗೌರಿಯ ಡೈರಿ ಮತ್ತು ಸದಭಿರುಚಿಯ ನಗು: ‘ಗೌರಿ ಗಣೇಶ’ ಚಿತ್ರದ ವಿಮರ್ಶೆಯ ಮರುಪರಿಶೀಲನೆ

ಫಣಿ ರಾಮಚಂದ್ರ ನಿರ್ದೇಶಿಸಿ ಅನಂತನಾಗ್ ನಟಿಸಿದ ‘ಗೌರಿ ಗಣೇಶ’ (1991) ಚಿತ್ರಕ್ಕೆ ಸಂದ ಮೆಚ್ಚುಗೆ ಬಹುಮಟ್ಟಿಗೆ ಒಂದೇ ಜಾಡಿನದು: ದ್ವಂದ್ವಾರ್ಥವಿಲ್ಲದ, ಮನೆಮಂದಿಯೆಲ್ಲ ಕೂತು ನೋಡಬಹುದಾದ ಸದಭಿರುಚಿಯ ಹಾಸ್ಯ. ಮಾತು ಸುಳ್ಳಲ್ಲ. ಆದರೆ ಅದು ಚಿತ್ರದಲ್ಲಿ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಏನಿದೆ ಎಂದು ಹುಡುಕಿದರೆ ನಗುವಿನ ಬುಡದಲ್ಲಿ ಸಿಗುವುದು ಒಂದು ಸಾವು.

ಮಲ್ಲಾದಿ ವೆಂಕಟ ಕೃಷ್ಣಮೂರ್ತಿಯವರ ತೆಲುಗು ಕಾದಂಬರಿಯನ್ನು ಆಧರಿಸಿದ ಕಥೆ ಇದು. ಲಂಬೋದರ ಮೋಸದಿಂದಲೇ ಹೊಟ್ಟೆ ಹೊರೆಯುವವನು. ತೀರಿಹೋದ ಗೌರಿಯ ಡೈರಿ, ಫೋಟೊ ಅವನ ಕೈಗೆ ಸಿಗುತ್ತವೆ. ಗಣೇಶನೆಂಬ ಹುಡುಗನನ್ನು ಗೌರಿಗೆ ಹುಟ್ಟಿದ ‘ನಿಮ್ಮ ಮಗ’ ಎಂದು ಮುಂದಿಟ್ಟುಕೊಂಡು ಅವನು ಮೂವರು ಸ್ಥಿತಿವಂತ ಗೃಹಸ್ಥರಿಂದ ಹಣ ಕೀಳುತ್ತಾನೆ. ಆ ಮೂವರಿಗೂ ಹುಡುಗನ ಗತಿಯ ಚಿಂತೆಗಿಂತ ಹೆಂಡತಿಗೆ ಗೊತ್ತಾದೀತೆಂಬ ದಿಗಿಲೇ ದೊಡ್ಡದು. ನಾವು ನಗುವುದು ಈ ದಿಗಿಲಿಗೆ. ಕಳೆದುಕೊಳ್ಳಲು ಮರ್ಯಾದೆ, ಮನೆ, ಹಣ ಇರುವವರಿಗೆ ಮಾತ್ರ ಬರುವ ದಿಗಿಲು ಅದು.

ಇದೇ ನಿರ್ದೇಶಕ, ಇದೇ ನಾಯಕನ ‘ಗಣೇಶನ ಮದುವೆ’ (1990) ವಠಾರದ ಕಥೆ. ಅಲ್ಲಿ ಮಾಲೀಕ, ಬಾಡಿಗೆದಾರರ ಜಗಳವೇ ಹಾಸ್ಯ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ‘ಗೌರಿ ಗಣೇಶ’ದಲ್ಲಿ ಗುಟ್ಟು ಕಾಯಲು ಬೇಕಾದ ಅನುಕೂಲವೆಲ್ಲ ಇದೆ. ಎರಡನ್ನೂ ‘ಗಣೇಶನ ಚಿತ್ರಗಳು’ ಎಂದು ಒಂದೇ ಕಟ್ಟಿನಲ್ಲಿ ಬಿಗಿದಾಗ ಈ ವರ್ಗಭೇದ ಮರೆಯಾಗುತ್ತದೆ.

ಹಿತವಾದ ನಗುವಿನ ಬುಡದ ಆ ಸಾವನ್ನು ಓದಲು ಅಜ್ಜಂಪುರದ ಹೆಸರು ಹೊತ್ತ ಕಥೆಗಾರರೊಬ್ಬರು ನೆರವಿಗೆ ಬರುತ್ತಾರೆ. ಅಜ್ಜಂಪುರ ಸೀತಾರಾಮ್, ಅಂದರೆ ‘ಆನಂದ’ (1902–1963), ಸರಸ ದಾಂಪತ್ಯದ ಕಥೆಗಾರರೆಂದೇ ಹೆಸರಾದವರು. ಅವರ ಮೇಲೂ ‘ಹಿತವಾದ ಬರಹ’ ಎಂಬ ಚೀಟಿ ಅಂಟಿದೆ. ಆದರೆ ‘ನಾನು ಕೊಂದ ಹುಡುಗಿ’ಯ ನಿರೂಪಕ, ಓದಿದ, ಅನುಕೂಲಸ್ಥ ಪ್ರವಾಸಿ, ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಚೆನ್ನಿಗೆ ನೀತಿ ಹೇಳುತ್ತಾನೆ. ಅವಳು ಬಾವಿಗೆ ಬೀಳುತ್ತಾಳೆ. ಅವನು ಆ ಸಾವನ್ನು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆ.

ಚೆನ್ನಿಯ ಸಾವು ಕಥೆಯ ಕೊನೆಗೆ ಬರುತ್ತದೆ, ಓದುಗ ಅದನ್ನು ದಾಟಿ ಹೋಗಲಾರ. ಗೌರಿಯ ಸಾವು ಚಿತ್ರದ ಬಂಡವಾಳ. ಕಥೆ ಓಡತೊಡಗಿದ ಮೇಲೆ ಪ್ರೇಕ್ಷಕ ಅದನ್ನು ಸಲೀಸಾಗಿ ಮರೆಯುತ್ತಾನೆ. ಇದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ (ಹಾಸ್ಯಚಿತ್ರ ಶೋಕಸಭೆಯಲ್ಲ). ವಿನಯಾ ಪ್ರಸಾದ್ ಅವರ ಗೌರಿಗೆ ಚಿತ್ರ ತಕ್ಕಮಟ್ಟಿನ ಗೌರವ ಕೊಟ್ಟೇ ಇದೆ. ಮರೆವು ಹೆಚ್ಚಾಗಿ ವಿಮರ್ಶೆಯದು. ಅನಂತನಾಗ್ ಮಾತಿನ ಲಯ, ಹುಡುಗ ಗಣೇಶನಾದ ಮಾಸ್ಟರ್ ಆನಂದ್‌ನ ಚುರುಕುತನಗಳಿಗೆ ಸಿಕ್ಕ ಗಮನದಲ್ಲಿ ಡೈರಿ ಬರೆದವಳಿಗೆ ಪಾಲು ಕಡಿಮೆ.

ಅಜ್ಜಂಪುರದ ಆಸುಪಾಸಿನ ಕಡೂರು, ತರೀಕೆರೆಗಳ ಪ್ರೇಕ್ಷಕ ಚಿತ್ರದ ಆ ಮೂವರು ಗೃಹಸ್ಥರಂಥವರ ಬೆಂಗಳೂರಿನ ದಿವಾನಖಾನೆಗಳನ್ನು ಹೊರಗಿನಿಂದ ಕಂಡವನು. ‘ಮನೆಮಂದಿ ಕೂತು ನೋಡುವ ಚಿತ್ರ’ ಎನ್ನುವಾಗ ವಿಮರ್ಶಕನ ಮನಸ್ಸಿನಲ್ಲಿರುವ ಮನೆ ಯಾರದು ಎಂದು ಕೇಳಲು ಅವನಿಗೆ ಹಕ್ಕಿದೆ.